ಗಾಜಿನ ಹಿಂಬದಿ

ಯಂತ್ರಕ್ಕೆ ಹೊಸ ಬ್ಲೇಡು ಕೂರಿಸುವಾಗಲೇ ಅವಳಿಗೆ ಗೊತ್ತಾಯಿತು, ಇವತ್ತು ಕೈ ತನ್ನ ಮಾತು ಕೇಳುವುದಿಲ್ಲ ಎಂದು. ಮೂವತ್ತೊಂದು ವರ್ಷ ಹೆಪ್ಪುಗಟ್ಟಿಸಿದ ಮಿದುಳಿನ ತುಂಡುಗಳನ್ನು ಕೂದಲೆಳೆಯ ಅರ್ಧ ದಪ್ಪಕ್ಕೆ ಹೆರೆದ ಕೈ ಅದು. ಜ್ವರ ಬಂದ ದಿನ ನಡುಗಲಿಲ್ಲ, ಅಪ್ಪ ಹೋದ ಮರುವಾರ ನಡುಗಲಿಲ್ಲ. ಇವತ್ತು ಮೊದಲನೆಯ ಪದರವೇ ಸುರುಳಿ ಸುತ್ತಿ ಹರಿಯಿತು. ಎರಡನೆಯದೂ ಹರಿಯಿತು. ಬ್ರಶ್ಶಿನ ತುದಿಯಿಂದ ಅದನ್ನೆತ್ತಿ ಡಬ್ಬಿಗೆ ಜಾರಿಸುವಾಗ, ‘ಹೋಯಿತು ಪಾಪ, ಯಾರದೋ ಮದುವೆ ದಿನದ ನೆನಪು’ ಎಂಬ ಪ್ರಯೋಗಾಲಯದ ಹಳೇ ತಮಾಷೆ ನೆನಪಾಯಿತೇ ಹೊರತು ನಗು ಬರಲಿಲ್ಲ. ಗೋಡೆಯ ಗಡಿಯಾರ ಒಂಬತ್ತು ಮುಕ್ಕಾಲು ತೋರಿಸುತ್ತಿತ್ತು. ಹನ್ನೊಂದಕ್ಕೆ ಅವರು ಬರುತ್ತಾರೆ. ಯಂತ್ರ ನಿಲ್ಲಿಸಿ, ಕೈಗವಸು ಕಳಚಿ, ಬಿಳಿ ಕೋಟಿನ ಜೇಬು ಮುಟ್ಟಿ ನೋಡಿಕೊಂಡಳು. ಕನ್ನಡಕದ ಡಬ್ಬಿ ಇತ್ತು. ಅದರೊಳಗೆ ಕನ್ನಡಕ ಇರಲಿಲ್ಲ.

ಅವರು ಎಂದರೆ ದೊಡ್ಡ ಸರ್. ಈ ಪ್ರಯೋಗಾಲಯವನ್ನು ಕಟ್ಟಿದವರು, ಇಲ್ಲಿನ ಶೀತಲಪೆಟ್ಟಿಗೆಗಳಲ್ಲಿ ಸಾಲಾಗಿ ಕೂತಿರುವ ನಾನೂರು ಚಿಲ್ಲರೆ ಮಿದುಳುಗಳನ್ನು ಕೂಡಿಹಾಕಿದವರು, ಎಂಟು ವರ್ಷದ ಹಿಂದೆ ನಿವೃತ್ತರಾಗಿ ಹೋಗುವಾಗ ತಮ್ಮದನ್ನೂ ಇಲ್ಲಿಗೇ ಬರೆದುಕೊಟ್ಟು ಹೋದವರು. ಹಾಗೆ ಬರೆದುಕೊಟ್ಟವರೆಲ್ಲ ಬದುಕಿರುವಷ್ಟು ಕಾಲ ವರ್ಷಕ್ಕೊಮ್ಮೆ ಬಂದು ನೆನಪಿನ ಪರೀಕ್ಷೆಗೆ ಕೂರಬೇಕು. ಸತ್ತ ಮೇಲೆ ಅವರ ಮಿದುಳಿನ ಪದರದಲ್ಲಿ ಕಂಡದ್ದನ್ನು ಅವರು ಬದುಕಿದ್ದಾಗ ಮರೆತದ್ದರ ಜೊತೆ ಹೋಲಿಸಿ ನೋಡಬೇಕಲ್ಲ. ಪರೀಕ್ಷೆ ಮಾಡುವ ಹುಡುಗಿ ಅಕ್ಕನ ಹೆರಿಗೆಗೆಂದು ರಜೆ ಹಾಕಿದ್ದಳು. ನಿನ್ನೆ ಸಂಜೆ ಹೊಸ ಮುಖ್ಯಸ್ಥ ಬಂದು ಮೇಜಿಗೆ ಒರಗಿ ನಿಂತು, “ಅದಲಕ್ಕ, ನಾಳೆ ಒಂದಿನ ನೀವೇ ಕೂತ್ಬಿಡಿ. ಕಾರ್ಡಲ್ಲಿರೋದು ಕೇಳೋದು, ಅವ್ರು ಹೇಳಿದ್ದು ಬರ್ಕೊಳ್ಳೋದು, ಅಷ್ಟೇ. ದೊಡ್ಡ ಸರ್ ಬರ್ತಿದಾರೆ, ಗೊತ್ತಿರೋರು ಇದ್ರೆ ಅವ್ರಿಗೂ ಸಮಾಧಾನ” ಎಂದಿದ್ದ. ಅವಳು ಆಗಲಿ ಎಂದಳು. ಆ ರಾತ್ರಿ ಅವಳಿಗೆ ಬಹಳ ಚೆನ್ನಾಗಿ ನಿದ್ದೆ ಬಂತು, ಅದೇ ಅವಳಿಗೆ ಸ್ವಲ್ಪ ಹೆದರಿಕೆ ಹುಟ್ಟಿಸಿತು.

ಅದಲಕ್ಕ ಎಂಬುದು ಅವಳ ಹೆಸರಲ್ಲ. ಹೊಸದಾಗಿ ಸೇರಿದ ಮಕ್ಕಳು ಹೆಸರೆಂದೇ ತಿಳಿದಿದ್ದಾರೆ. ಒಬ್ಬಳಂತೂ ಕಳೆದ ವರ್ಷ ಅವಳ ಹುಟ್ಟುಹಬ್ಬಕ್ಕೆ ತಂದ ಕೇಕಿನ ಮೇಲೆ ಅದನ್ನೇ ಬರೆಸಿದ್ದಳು. ಅದಲುಬದಲು ಮಾಡಿದ ಅಕ್ಕ, ಅದಲಕ್ಕ. ಎಲ್ಲರೂ ಪ್ರೀತಿಯಿಂದಲೇ ಕರೆಯುತ್ತಾರೆ. ಉರಿ ಇರುವುದು ಅಲ್ಲೇ. ಬೈಗುಳವಾಗಿದ್ದರೆ ತಿರುಗಿ ಬೈಯಬಹುದು, ಪ್ರೀತಿಗೆ ಏನು ಹೇಳುವುದು? ಕೇಕನ್ನು ಕತ್ತರಿಸಿದಳು, ನೇರವಾಗಿ, ಒಂದೇ ಸಮನಾದ ತುಂಡುಗಳಾಗಿ, ಎಲ್ಲರೂ ಚಪ್ಪಾಳೆ ತಟ್ಟಿದರು.

ಪರೀಕ್ಷೆಯ ಕೋಣೆ ಕೆಳಗಿನ ಮಹಡಿಯಲ್ಲಿತ್ತು. ಒಂದು ಮೇಜು, ಎರಡು ಕುರ್ಚಿ, ಕ್ಯಾಲೆಂಡರ್ ಇಲ್ಲದ ಗೋಡೆ, ಏಕೆಂದರೆ ಇವತ್ತು ಯಾವ ವಾರ ಎಂಬುದೇ ಮೊದಲ ಪ್ರಶ್ನೆ. ಬಾಗಿಲಿನಲ್ಲಿ ಮುಖದ ಎತ್ತರಕ್ಕೆ ಒಂದು ಚೌಕ ಗಾಜು. ಅವಳು ಕಾರ್ಡನ್ನು ಮುಂದಿಟ್ಟುಕೊಂಡು ಐದು ಪದಗಳನ್ನು ಓದಿಕೊಂಡಳು: ಬಾಗಿಲು, ಹತ್ತಿ, ಸೇತುವೆ, ನಿಂಬೆ, ನೀಲಿ. ಇವನ್ನು ಮೊದಲೇ ಹೇಳಿ, ಅವರಿಂದ ಹೇಳಿಸಿ, ಐದು ನಿಮಿಷ ಬೇರೆ ಏನೇನೋ ಮಾಡಿಸಿ, ಆಮೇಲೆ ನೆನಪಿದೆಯಾ ಎಂದು ಕೇಳುವುದು. ಒಂದು ಪದಕ್ಕೆ ಒಂದು ಅಂಕ. ಐದು ನಿಮಿಷ. ಅವಳು ಇಪ್ಪತ್ತೆರಡು ವರ್ಷ ಕಾದಿದ್ದಾಳೆ, ಇವರ ಯೋಗ್ಯತೆಗೆ ಐದು ನಿಮಿಷ ದಾಟುವುದೇ ದೊಡ್ಡದಾಗಿದೆ ಈಗ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ಅಮ್ಮ ಆವತ್ತು ಸಮಾಧಾನ ಹೇಳಿದ್ದಳು. ಉಪ್ಪು ತಿಂದದ್ದೇ ಮರೆತು ಹೋದರೆ? ಈ ಪ್ರಶ್ನೆ ಗಾದೆ ಕಟ್ಟಿದವರಿಗೆ ಹೊಳೆದಿರಲಿಕ್ಕಿಲ್ಲ. ಅವಳ ನಿವೃತ್ತಿಗೆ ಇನ್ನು ಒಂಬತ್ತು ತಿಂಗಳು. ಇವರ ಹೃದಯ, ಶ್ವಾಸಕೋಶ ಎಲ್ಲ ಗಟ್ಟಿ ಎಂದು ಕೇಳಿದ್ದಾಳೆ. ಇವರ ಮಿದುಳು ಮೇಲಿನ ಮಹಡಿಗೆ ಬರುವ ಹೊತ್ತಿಗೆ ಬ್ಲೇಡು ಬೇರೆಯವರ ಕೈಯಲ್ಲಿರುತ್ತದೆ. ಎಷ್ಟೋ ಮಧ್ಯಾಹ್ನ ಅವಳು ಆ ಕೆಲಸವನ್ನು ಮನಸ್ಸಿನಲ್ಲಿ ಮಾಡಿ ಮುಗಿಸಿದ್ದಳು, ಹಣೆಯ ಕಡೆಯಿಂದ ಶುರುಮಾಡಿ, ನಿಧಾನವಾಗಿ, ಒಂದು ಪದರವೂ ಹರಿಯದಂತೆ. ಅದೂ ಈಗ ಕೈತಪ್ಪಿತು. ಉಳಿದದ್ದು ಇದೊಂದೇ: ತಲೆ ಪೂರ್ತಿ ಖಾಲಿಯಾಗುವ ಮೊದಲು ಅವರ ಬಾಯಿಂದ ಆ ಮಾತು ಹೊರಡಬೇಕು. ಟ್ರೇ ಅದಲುಬದಲು ಮಾಡಿದ್ದು ನೀನಲ್ಲ, ನಾನು. ಅಷ್ಟು ಸಾಕು.

ಅವರು ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ಬಂದರು. ಹೆಂಡತಿ ಅವರ ಮೊಣಕೈ ಹಿಡಿದಿದ್ದರು. ಇಸ್ತ್ರಿ ಮಾಡಿದ ಅಂಗಿ, ನೀಟಾಗಿ ಬಾಚಿದ ಬಿಳಿ ಕೂದಲು, ಹೊಳೆಯುವ ಬೂಟು. ಮುಖ ಮಾತ್ರ ಬಾಡಿಗೆದಾರ ಬಿಟ್ಟುಹೋದ ಮನೆಯ ಹಾಗೆ ಖಾಲಿ ಖಾಲಿ. ಹೆಂಡತಿ ಅವಳನ್ನು ನೋಡಿದ್ದೇ, “ಅಯ್ಯೋ ನೀವಾ! ಸದ್ಯ, ಗೊತ್ತಿರೋ ಮುಖ. ಏನ್ರೀ, ಯಾರು ಇವ್ರು ಹೇಳಿ ನೋಡೋಣ?” ಎಂದರು. ಅವರು ಅವಳನ್ನು ನೋಡಿ, ಸಭ್ಯರು ಅಪರಿಚಿತರಿಗೆ ನಗುವ ಹಾಗೆ ನಕ್ಕು, “ಡಾಕ್ಟರಲ್ವೇ?” ಎಂದರು. ಅವಳಿಗೆ ಕಪಾಳಕ್ಕೆ ಬಿದ್ದ ಹಾಗಾಯಿತು. ಡಾಕ್ಟರಂತೆ! ಸೂಕ್ಷ್ಮದರ್ಶಕದ ಮುಂದೆ ಕೂರಬೇಡ, ನೀನು ಕತ್ತರಿಸುವುದಷ್ಟೇ ಮಾಡು ಎಂದು ಎಬ್ಬಿಸಿ ಕಳಿಸಿದ ಬಾಯಿ ಅದು. ಹೆಂಡತಿ ಪಕ್ಕಕ್ಕೆ ಕರೆದು ದನಿ ತಗ್ಗಿಸಿ, “ಊಟ ತಿಂಡಿ ಎಲ್ಲ ಸರಿ ಇದೆಯಮ್ಮ. ಒಂದೊಂದ್ಸಲ ಸುಮ್‌ಸುಮ್ನೆ ಅಳ್ತಾರೆ. ಯಾಕೆ ಅಂದ್ರೆ ಗೊತ್ತಿಲ್ಲ ಅಂತಾರೆ. ಸ್ವಲ್ಪ ಮೆತ್ತಗೆ ಕೇಳಿ” ಎಂದರು. ಕೇಳುತ್ತೇನೆ ಎಂದು ಅವಳು ತಲೆಯಾಡಿಸಿದಳು. ಮನೆಯವರು ಕೋಣೆಯೊಳಗೆ ಇರುವಂತಿಲ್ಲ, ನಿಯಮ ಹಾಗಿದೆ. ಆ ನಿಯಮ ಬರೆದವರೂ ಇವರೇ.

ಬಾಗಿಲು ಮುಚ್ಚಿಕೊಂಡಿತು. ಇಬ್ಬರೂ ಎದುರುಬದುರು ಕೂತರು. ಮನಸ್ಸಿನಲ್ಲಾದರೂ ಇವರನ್ನು ಅವನು ಇವನು ಎಂದು ಕರೆಯಬೇಕೆಂದು ಅವಳು ವರ್ಷಗಟ್ಟಲೆ ಯತ್ನಿಸಿದ್ದುಂಟು. ಬಚ್ಚಲಲ್ಲಿ ಒಬ್ಬಳೇ ಇರುವಾಗಲೂ ನಾಲಿಗೆ ಬಗ್ಗಿರಲಿಲ್ಲ. ಬೈಗುಳ ಸಹ ‘ಹಾಳಾಗಿ ಹೋಗಲಿ ಅವರು’ ಎಂದೇ ಬರುತ್ತಿತ್ತು. ಪೆನ್ನು ತೆಗೆದು ಮೊದಲ ಪ್ರಶ್ನೆ ಕೇಳಿದಳು. ವಾರ ಅವರಿಗೆ ಗೊತ್ತಿರಲಿಲ್ಲ. ತಿಂಗಳು ಗೊತ್ತಿರಲಿಲ್ಲ. ವರ್ಷ ಕೇಳಿದ್ದಕ್ಕೆ ಕಿಟಕಿಯತ್ತ ನೋಡಿ, “ಇನ್ನೂ ಬದಲಾಗಿಲ್ಲ ಅಲ್ವಾ?” ಎಂದರು. ಆಮೇಲೆ ಅವಳು ಕಾರ್ಡನ್ನು ಎತ್ತಿಕೊಂಡಳು. ಬಾಗಿಲು, ಹತ್ತಿ, ಸೇತುವೆ ಎಂದು ಅದರಲ್ಲಿತ್ತು. ಮೂವತ್ತೊಂದು ವರ್ಷದಲ್ಲಿ ಅವಳು ಬರೆದಿಟ್ಟ ವಿಧಾನದಿಂದ ಕೂದಲೆಳೆಯಷ್ಟೂ ಆಚೀಚೆ ಸರಿದವಳಲ್ಲ. ದ್ರಾವಣಕ್ಕೆ ಇಪ್ಪತ್ತು ನಿಮಿಷ ಎಂದಿದ್ದರೆ ಇಪ್ಪತ್ತು ನಿಮಿಷ, ಹತ್ತೊಂಬತ್ತಲ್ಲ. ಅವಳ ಕಣ್ಣು ಕಾರ್ಡಿನ ಮೇಲಿತ್ತು, ಬಾಯಿ ಬೇರೆಯದನ್ನು ಹೇಳಿತು.

“ಟ್ರೇ. ಗಾಜು. ಚೀಟಿ. ಸುಳ್ಳು. ನೀಲಿ.”

“ಟ್ರೇ, ಗಾಜು, ಚೀಟಿ, ಸುಳ್ಳು, ನೀಲಿ,” ಎಂದರು ಅವರು, ಮಗ್ಗಿ ಒಪ್ಪಿಸುವವರ ಹಾಗೆ. ಹೇಳಿ ಮುಗಿಸಿ, ಸರಿಯಾಯಿತೇ ಎಂದು ಅವಳ ಮುಖ ನೋಡಿದರು. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅವಳು ಗಡಿಯಾರ ನೋಡಿ ಸಮಯ ಬರೆದುಕೊಂಡಳು.

ಗಡಿಯಾರದ ಚಿತ್ರ ಬರೆಯಿರಿ ಎಂದು ಹಾಳೆ ಕೊಟ್ಟಳು. ಅವರು ದುಂಡಗೆ ವೃತ್ತ ಎಳೆದರು, ಆ ಕೈಗೆ ಇನ್ನೂ ವೃತ್ತ ಗೊತ್ತಿತ್ತು, ಆಮೇಲೆ ಅಂಕಿಗಳನ್ನೆಲ್ಲ ಒಂದೇ ಮೂಲೆಗೆ ತುಂಬತೊಡಗಿದರು. ಹನ್ನೆರಡೂ ಅಂಕಿಗಳು ಬಲಗಡೆಗೆ ಗುಂಪುಗಟ್ಟಿ, ಎಡಗಡೆ ಬಯಲು ಬಿತ್ತು. ಅವಳಿಗೆ ತಟ್ಟನೆ ಇಪ್ಪತ್ತೆರಡು ವರ್ಷದ ಹಿಂದಿನ ಆ ಪದರ ನೆನಪಾಯಿತು, ಹದಿನೇಳನೆಯ ಗಾಜಿನದು. ಯಾರೋ ನಿವೃತ್ತ ಶಾಲಾ ಮಾಸ್ತರರ ಮಿದುಳು. ಕೊನೆಗಾಲದಲ್ಲಿ ಹೆಂಡತಿಯ ಹೆಸರನ್ನೂ ಮರೆತವರಂತೆ. ಮಿದುಳಿನ ಬುಡದಲ್ಲಿ, ನೆನಪಿಗೆ ನೀರುಣಿಸುವ ಕೋಶಗಳಿರುವ ಜಾಗದಲ್ಲಿ, ಅರ್ಧಕ್ಕರ್ಧ ಬಯಲು. ಉಳಿದ ಕೆಲವೇ ಕೋಶಗಳ ಸುತ್ತ ಮಾತ್ರ ಕಂದು ಬಣ್ಣದ ಎಳೆಗಳು, ಒಂದರ ಮೇಲೊಂದು, ಒತ್ತೊತ್ತಾಗಿ. ಗ್ಯಾಲನಿನ್ ಎಂಬ ನ್ಯೂರೋಪೆಪ್ಟೈಡು ಇರುವ ಎಳೆಗಳು ಅವು. ಕೋಶಗಳು ತಮ್ಮತಮ್ಮಲ್ಲಿ ಗುಟ್ಟು ಹೇಳಿಕೊಳ್ಳಲು ಬಳಸುವ ಇಂಥ ಪೆಪ್ಟೈಡುಗಳು ಹತ್ತಾರಿವೆ; ವಯಸ್ಸಾದರೆ ಕೆಲವು ಕರಗುತ್ತವೆ, ಮರೆವಿನ ಕಾಯಿಲೆಯಲ್ಲಿ ಇನ್ನಷ್ಟು ಕರಗುತ್ತವೆ. ದೊಡ್ಡ ಸರ್ ಸಿದ್ಧಾಂತ ಸರಳವಾಗಿತ್ತು: ದೀಪ ಆರುವಾಗ ಎಣ್ಣೆಯೆಲ್ಲ ಒಟ್ಟಿಗೇ ಇಳಿಯುತ್ತದೆ. ಈ ಎಣ್ಣೆ ಇಳಿದಿರಲಿಲ್ಲ. ಏರಿತ್ತು. ಅವಳು ಮೊದಲ ಸಲ ಅದನ್ನು ಕಂಡಾಗ ಮಧ್ಯಾಹ್ನದ ಊಟ ಮರೆತಿದ್ದಳು. ನೆರೆಹೊರೆಯೆಲ್ಲ ಸತ್ತ ಮೇಲೆ ಉಳಿದವನ ಮನೆಯ ಸುತ್ತ ಯಾರೋ ಬೇಲಿ ಕಟ್ಟಿದ್ದರು. ಕಾಯಲಿಕ್ಕೋ, ಉಸಿರುಗಟ್ಟಿಸಲಿಕ್ಕೋ, ಅದು ಅವಳಿಗೆ ಆಗ ಗೊತ್ತಿರಲಿಲ್ಲ. ಈಗಲೂ ಅದರ ಬಗ್ಗೆ ಬಲ್ಲವರು ಎರಡೂ ಹೇಳುತ್ತಾರೆ.

ಎಣಿಕೆಯ ಹೊತ್ತಿಗೆ ಯಾವ ಟ್ರೇ ಯಾರದೆಂದು ಎಣಿಸುವವಳಿಗೆ ಗೊತ್ತಾಗದಂತೆ ಚೀಟಿಗಳ ಮೇಲೆ ಹೆಸರಿರದೆ ಬರೀ ಬಣ್ಣದ ಗುರುತು ಇರುತ್ತಿತ್ತು. ಅವಳು ಎಣಿಸಿ ಕೊಟ್ಟ ಮೇಲೆ ಬೀಗದ ಡ್ರಾಯರಿನಿಂದ ಪಟ್ಟಿ ಹೊರಬಂತು. ಕೆಂಪು ಟ್ರೇ ಮರೆವಿನವರದು, ನೀಲಿ ಟ್ರೇ ಅದೇ ವಯಸ್ಸಿನ, ನೆನಪು ಗಟ್ಟಿಯಿದ್ದವರದು. ಕೆಂಪು ಟ್ರೇಯಲ್ಲಿ ಎಳೆ ಹೆಚ್ಚು, ಸರ್ ಸಿದ್ಧಾಂತಕ್ಕೆ ತಿರುಗುಮುರುಗು. ಮರುದಿನ ಸಭೆ. ಹೊರಗಿನಿಂದ ಬಂದ ದೊಡ್ಡ ಮನುಷ್ಯರು ಹನ್ನೊಂದು ಜನ, ಉದ್ದನೆಯ ಮೇಜು, ಪ್ರತಿಯೊಬ್ಬರ ಮುಂದೆ ಮುಚ್ಚಳ ಹಾಕಿದ ನೀರಿನ ಲೋಟ. ಮೆಟ್ಟಿಲು ಹತ್ತುವಾಗ ಅವಳ ಎಡಗಾಲಿನ ಚಪ್ಪಲಿಯ ಬಾರು ಕಿತ್ತುಹೋಗಿತ್ತು. ಸರ್ ಎದ್ದು ನಿಂತು, ಒಂದು ಸಣ್ಣ ಅಚಾತುರ್ಯ ಆಗಿದೆ, ಟ್ರೇ ಅದಲುಬದಲಾಗಿದೆ, ಮಾಡಿದವರು ಎದ್ದು ಹೇಳಿಬಿಟ್ಟರೆ ಮುಗಿಯಿತು ಎಂದರು. ಎಲ್ಲರೂ ಅವಳತ್ತ ತಿರುಗಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವಳು ಎದ್ದಳು. “ನಾನು ಮಾಡಿಲ್ಲ ಸರ್. ಎರಡು ಸಲ ಎಣಿಸಿದೀನಿ. ಗಾಜಿನ ಹಿಂಬದಿ ನಂಬರ್ ಕೊರೆದಿದೀನಿ, ತಿರುಗಿಸಿ ನೋಡಿ.” ಅದು ಅವಳ ಸ್ವಂತ ಪದ್ಧತಿ, ಯಾರೂ ಕಲಿಸಿದ್ದಲ್ಲ, ಪದರವನ್ನು ಗಾಜಿಗೆ ಹಾಸುವ ಮೊದಲೇ ವಜ್ರದ ಮೊನೆಯ ಪೆನ್ಸಿಲಿನಿಂದ ಹಿಂಬದಿಯ ಮೂಲೆಯಲ್ಲಿ ಆ ಮಿದುಳಿನ ದಾಖಲೆ ಸಂಖ್ಯೆಯನ್ನು ಸಣ್ಣಗೆ ಗೀರುವುದು. ಚೀಟಿ ಬಿದ್ದುಹೋಗಬಹುದು, ಗೀರು ಹೋಗುವುದಿಲ್ಲ. ಟ್ರೇ ಅಲ್ಲೇ ಮೇಜಿನ ಮೇಲಿತ್ತು. ಒಂದು ಗಾಜನ್ನು ಬೆರಳ ತುದಿಯಿಂದ ಮಗುಚಿದ್ದರೆ ಸಾಕಿತ್ತು. “ಕ್ಷಮೆ ಕೇಳಿದ್ರೆ ಸಾಕು, ಪಾಠ ಬೇಡ,” ಎಂದರು ಸರ್. ಯಾರೋ ಫಕ್ಕನೆ ನಕ್ಕರು. ಹೆಬ್ಬೆರಳಲ್ಲಿ ಚಪ್ಪಲಿಯನ್ನು ಕಚ್ಚಿ ಹಿಡಿದು ನಿಂತಿದ್ದ ಅವಳು, “ನಾನು ಮಾಡಿಲ್ಲ ಸರ್... ಆದ್ರೂ ಕ್ಷಮಿಸಿ” ಎಂದಳು. ಆ ‘ಆದ್ರೂ’ ಇದೆಯಲ್ಲ, ಅದಕ್ಕಾಗಿ ಅವಳು ಅವರನ್ನಲ್ಲ, ತನ್ನನ್ನೇ ಇವತ್ತಿಗೂ ಕ್ಷಮಿಸಿಲ್ಲ. ಅಂದು ಸಂಜೆ ಅವಳ ಕೈಯಿಂದಲೇ ಚೀಟಿಗಳನ್ನು ಕೀಳಿಸಿ, ಕೆಂಪಿದ್ದಲ್ಲಿ ನೀಲಿ, ನೀಲಿಯಿದ್ದಲ್ಲಿ ಕೆಂಪು ಅಂಟಿಸಿದರು. ಹದಿನೇಳನೆಯ ಗಾಜನ್ನು ಒಡೆಯಿತು ಎಂದು ಬರೆಸಿ ಅವಳು ಮನೆಗೆ ತಂದಳು. ಮೂರು ವರ್ಷದ ಮೇಲೆ ಬೇರೆ ಕಡೆಯವರೂ ಎಳೆ ಏರುತ್ತದೆ ಎಂದು ತೋರಿಸಿದಾಗ, ಇಲ್ಲಿ ಚೀಟಿಗಳು ಸದ್ದಿಲ್ಲದೆ ಮತ್ತೆ ಸ್ವಸ್ಥಾನಕ್ಕೆ ಹೋದವು, ಪ್ರಬಂಧ ಅಚ್ಚಾಯಿತು, ಸರ್ ಹೆಸರು ದೊಡ್ಡದಾಯಿತು. ಅದಲಕ್ಕ ಅದಲಕ್ಕನಾಗಿಯೇ ಉಳಿದಳು. ಬಡವನ ಕೋಪ ದವಡೆಗೆ ಮೂಲ ಕಣೇ, ಸುಮ್ಮನಿರು ಎಂದಳು ಅಮ್ಮ. ಸುಮ್ಮನಿದ್ದಳು.

“ಆಯ್ತು,” ಎಂದು ಅವರು ಹಾಳೆಯನ್ನು ತಳ್ಳಿದರು. ಗಡಿಯಾರದಲ್ಲಿ ಮುಳ್ಳುಗಳಿರಲಿಲ್ಲ. ಐದು ನಿಮಿಷ ದಾಟಿ ಅರ್ಧ ನಿಮಿಷವಾಗಿತ್ತು.

“ಆಗ ಐದು ಪದ ಹೇಳಿದ್ನಲ್ಲ ಸರ್. ನೆನಪಿರೋದು ಹೇಳಿ.”

ಅವರು ಕಣ್ಣು ಮುಚ್ಚಿದರು. ಹುಬ್ಬುಗಳ ನಡುವೆ ಹಳೆಯ ಗಂಟು, ಅವಳಿಗೆ ಚೆನ್ನಾಗಿ ಗೊತ್ತಿದ್ದ ಗಂಟು, ಮೂಡಿತು. “ಚಪ್ಪಲಿ,” ಎಂದರು.

ಅವಳ ಪೆನ್ನು ನಿಂತಿತು. “ಚಪ್ಪಲಿ ಇರ್ಲಿಲ್ಲ ಸರ್.”

“ಇತ್ತು. ಒಂದು ಚಪ್ಪಲಿ ಇತ್ತು.” ಕಣ್ಣು ಬಿಟ್ಟರು. “ಬಾರು ಕಿತ್ತುಹೋಗಿತ್ತು. ಹೆಬ್ಬೆರಳಲ್ಲಿ ಹಿಡ್ಕೊಂಡು ನಿಂತಿದ್ದೆ. ಎಲ್ರೂ ನೋಡ್ತಾ ಕೂತಿದ್ರು, ನೀರಿನ ಲೋಟ ಇಟ್ಕೊಂಡು. ನನ್ನನ್ನ ಎಬ್ಬಿಸಿ ನಿಲ್ಲಿಸಿದ್ರು. ಟ್ರೇ ಅದಲುಬದಲು ಮಾಡಿದೀಯ ಅಂದ್ರು. ನಾನು ಮಾಡಿರ್ಲಿಲ್ಲ.” ಅವರು ಎರಡೂ ಕೈ ಮುಂದೆ ಚಾಚಿದರು. “ನಾನು ಮಾಡಿರ್ಲಿಲ್ಲ ಡಾಕ್ಟ್ರೇ, ದೇವರಾಣೆ. ಒಬ್ರೂ ತಿರುಗಿಸಿ ನೋಡ್ಲಿಲ್ಲ.” ಕಣ್ಣಿಂದ ನೀರು ಇಳಿದು ಮೂಗಿನ ಪಕ್ಕದಲ್ಲಿ ನಿಂತಿತು.

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಆದಾಗ, ಅವಳೊಳಗೆ ಎದ್ದದ್ದು ಕರುಣೆಯಲ್ಲ. ಕಳ್ಳ! ಎಣಿಕೆ ಕದ್ದರು, ಹೆಸರು ಕದ್ದರು, ಸೂಕ್ಷ್ಮದರ್ಶಕದ ಮುಂದಿನ ಕುರ್ಚಿ ಕಸಿದರು. ಉಳಿದಿದ್ದದ್ದು ಒಂದು ಅವಮಾನ, ಅದನ್ನು ಇಪ್ಪತ್ತೆರಡು ವರ್ಷ ಅನ್ನ ನೀರು ಹಾಕಿ ಸಾಕಿದ್ದಳು, ಈಗ ಅದಕ್ಕೂ ಕೈ ಹಾಕಿದ್ದಾರೆ. ಅವಳ ಜಾಗದಲ್ಲಿ ತಾವು ನಿಂತುಕೊಂಡು ಅವಳ ಕಣ್ಣೀರು ತಾವು ಸುರಿಸುತ್ತಿದ್ದಾರೆ. ಆದರೆ ಆ ಬಾರು? ಆ ಬಾರು ಕಿತ್ತದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಅಮ್ಮನಿಗೂ ಹೇಳಿರಲಿಲ್ಲ. ಯಾರೂ ನೋಡಲಿಲ್ಲ ಎಂಬುದೊಂದೇ ಆ ದಿನದಲ್ಲಿ ಅವಳ ಪಾಲಿನ ಸಮಾಧಾನವಾಗಿತ್ತು. ಇವರು ನೋಡಿದ್ದರು. ಮೇಜಿನ ಆ ತುದಿಯಿಂದ, ಪಾಠ ಬೇಡ ಎನ್ನುತ್ತಲೇ, ಅವಳ ಹೆಬ್ಬೆರಳು ಬಿಳಿಚಿಕೊಂಡಿದ್ದನ್ನು ನೋಡಿದ್ದರು. ಇಷ್ಟು ವರ್ಷ ಅದನ್ನು ಎಲ್ಲಿಟ್ಟುಕೊಂಡಿದ್ದರು ಇವರು? ಹೆಂಡತಿಯ ಮುಖ, ಈ ವರ್ಷ, ಈ ವಾರ ಎಲ್ಲ ಸತ್ತು ಬಯಲಾದ ತಲೆಯಲ್ಲಿ ಒಂದು ಹರಿದ ಚಪ್ಪಲಿ ಹೇಗೆ ಬದುಕಿ ಉಳಿಯಿತು? ಉತ್ತರ ಹತ್ತಿರದಲ್ಲೇ ಎಲ್ಲೋ ಇತ್ತು. ಆ ಉತ್ತರ ಅವಳಿಗೆ ಬೇಕಾಗಿರಲಿಲ್ಲ. ಕದ್ದದ್ದು ಎಂದುಕೊಳ್ಳುವುದೇ ಅವಳಿಗೆ ಹಿತವಾಗಿತ್ತು.

ಕನ್ನಡಕದ ಡಬ್ಬಿ ತೆಗೆದಳು. ಮೆತ್ತನೆಯ ಕಾಗದ ಬಿಚ್ಚಿ ಗಾಜನ್ನು ಅವರ ಮುಂದಿಟ್ಟಳು. ಮೇಲೆ ನೀಲಿ ಚೀಟಿ, ಅವಳದೇ ಕೈಬರಹ. ಅವರು ಅದನ್ನು ಎತ್ತಿಕೊಂಡ ರೀತಿ! ಎರಡು ಬೆರಳುಗಳಿಂದ ಅಂಚಷ್ಟನ್ನೇ ಹಿಡಿದು, ಕಿಟಕಿಯ ಬೆಳಕಿಗೆ ಓರೆ ಮಾಡಿ. ಕಣ್ಣೀರು ಇನ್ನೂ ಆರಿರಲಿಲ್ಲ, ಮುಖದಲ್ಲಿ ಮಾತ್ರ ಬಾಡಿಗೆದಾರ ವಾಪಸು ಬಂದಿದ್ದ. “ಬಣ್ಣ ಚೆನ್ನಾಗಿ ಹಿಡಿದಿದೆ,” ಎಂದರು.

“ಹಿಂಬದಿ ತಿರುಗಿಸಿ ನೋಡಿ ಸರ್.”

ಅವರು ಗಾಜನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಅಂಗೈ ಮುಚ್ಚಿದರು. “ಬೇಡ.”

“ಯಾಕೆ?”

“ತಿರುಗಿಸ್ಬಾರದು.” ಬಾಗಿಲಿನತ್ತ ಒಮ್ಮೆ ನೋಡಿ, ಗುಟ್ಟು ಹೇಳುವವರ ಹಾಗೆ ಮುಂದೆ ಬಾಗಿದರು. “ತಿರುಗಿಸಿದ್ರೆ ಗೊತ್ತಾಗ್ಬಿಡುತ್ತೆ.”

ಇದೇ ಅದು. ಅವಳು ಕಾದಿದ್ದು ಇದಕ್ಕೇ, ಇನ್ನೇನು ಬೇಕು. ಇಲ್ಲಿಗೆ ಎದ್ದು ಬಾಗಿಲು ತೆಗೆಯಬಹುದಿತ್ತು. ಆದರೆ ಕೈಗೆ ಬಂದ ತುತ್ತು ಬಾಯಿಗೆ ಬರುವಾಗ ಇಷ್ಟೇನಾ ಅನಿಸುತ್ತದಲ್ಲ, ಹಾಗೆ ಅನಿಸಿತು. ಹೊಟ್ಟೆಗೆ ಇನ್ನೂ ಬೇಕಾಗಿತ್ತು.

“ಎದ್ದು ನಿಲ್ಲಿ,” ಎಂದಳು. ಅಷ್ಟು ಸಿಟ್ಟಿನಲ್ಲೂ ಬಹುವಚನವೇ ಬಂತು, ಹಾಳಾದ್ದು.

ಅವರು ಎದ್ದರು. ಮೇಜಿನ ಅಂಚು ಹಿಡಿದು, ಕಷ್ಟಪಟ್ಟು, ಆದರೆ ಒಂದು ಕ್ಷಣವೂ ಯಾಕೆ ಎಂದು ಕೇಳದೆ. ನಿಂತವರು ಮೈಭಾರವನ್ನೆಲ್ಲ ಬಲಗಾಲಿಗೆ ಹಾಕಿ ಎಡ ಬೂಟನ್ನು ನೆಲಕ್ಕೆ ಒತ್ತಿ ಹಿಡಿದರು. ಹೊಳೆಯುವ ತೊಗಲಿನೊಳಗೆ ಹೆಬ್ಬೆರಳು ಮಡಚಿಕೊಳ್ಳುವುದು ಹೊರಗಿನಿಂದಲೇ ಕಾಣುತ್ತಿತ್ತು.

“ಟ್ರೇ ಅದಲುಬದಲಾಗಿದೆ. ಮಾಡಿದ್ದು ಯಾರು?”

“ನಾನು ಮಾಡಿಲ್ಲ ಸರ್,” ಎಂದರು ಅವರು ಅವಳಿಗೆ. “ಎರಡು ಸಲ ಎಣಿಸಿದೀನಿ.”

“ಕ್ಷಮೆ ಕೇಳಿದ್ರೆ ಸಾಕು. ಪಾಠ ಬೇಡ.”

ಆ ಮಾತು ಅವಳ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಇಪ್ಪತ್ತೆರಡು ವರ್ಷ ಅದನ್ನು ಅವಳೇ ಬಾಯಿಪಾಠ ಮಾಡಿಕೊಂಡಿದ್ದಂತಿತ್ತು. ಮಾಡಿಕೊಂಡೇ ಇದ್ದಳು. ಮುದುಕರು ಬಾಯಿ ತೆರೆದರು.

“ನಾನು ಮಾಡಿಲ್ಲ ಸರ್... ಆದ್ರೂ ಕ್ಷಮಿಸಿ.”

ಬಂತು, ಕ್ಷಮೆ ಬಂತು. ಅವಳು ಕಿವಿಯೊಳಗೆ ಅದನ್ನು ಹಿಡಿದು ನೋಡಿದಳು. ಅದು ಅವರ ದನಿಯಲ್ಲಿರಲಿಲ್ಲ. ಆ ತಡವರಿಕೆ, ಆ ‘ಆದ್ರೂ’ಗೆ ಮೊದಲು ಉಸಿರೆಳೆದುಕೊಂಡ ರೀತಿ ಎಲ್ಲ ಮೂವತ್ತೈದರ ಒಬ್ಬ ಹೆಂಗಸಿನದು. ಅವರ ಬಾಯಿಂದ ಕ್ಷಮೆ ಕೇಳಿದ್ದು ಅವಳೇ. ಮತ್ತೊಮ್ಮೆ, ಮಾಡದ ತಪ್ಪಿಗೆ. ಮೇಜಿನ ಈ ಬದಿ ಕೂತು ಕೇಳಿಸಿಕೊಂಡದ್ದು ಯಾರು ಹಾಗಾದರೆ? ಇಲ್ಲ, ಇದು ಸರಿ ಬರಲಿಲ್ಲ, ಪದರ ಹರಿದಿದೆ, ಇನ್ನೊಂದು ತೆಗೆಯಬೇಕು.

“ಇನ್ನೊಂದ್ಸಲ,” ಎಂದಳು.

“ನಾನು ಮಾಡಿಲ್ಲ ಸರ್. ಆದ್ರೂ ಕ್ಷಮಿಸಿ.”

ಬಾಗಿಲಿನ ಚೌಕ ಗಾಜಿನಲ್ಲಿ ಹೆಂಡತಿಯ ಮುಖ ಕಂಡಿತು. ಗಂಡ ನಿಂತಿರುವುದನ್ನು ಕಂಡು ಏನಾಯಿತೆಂದು ಹುಬ್ಬೇರಿಸಿದರು. ಪರೀಕ್ಷೆಯ ಒಂದು ಭಾಗ ಎಂಬಂತೆ ಅವಳು ನಕ್ಕು ತಲೆಯಾಡಿಸಿದಳು. ಎಷ್ಟು ಚೆನ್ನಾಗಿ ನಗಲು ಬರುತ್ತದೆ ನನಗೆ ಎಂದುಕೊಂಡಳು. “ಕೂತ್ಕೊಳ್ಳಿ ಸರ್.” ಅವರು ಕೂತರು. ಗಾಜನ್ನು ಕಾಗದದಲ್ಲಿ ಸುತ್ತಿ ಡಬ್ಬಿಗೆ ಹಾಕುವಷ್ಟರಲ್ಲಿ ಅವರ ಕಣ್ಣಿನಿಂದ ಎಲ್ಲವೂ ಇಳಿದುಹೋಗಿತ್ತು, ಕೆನ್ನೆಯ ಒದ್ದೆಯನ್ನು ಬೆರಳಿನಿಂದ ಮುಟ್ಟಿ, ಬೆರಳನ್ನು ನೋಡಿ, “ಇದೇನಿದು?” ಎಂದರು. ದುಃಖ ಅಲ್ಲೇ ಇತ್ತು, ಯಾವುದರ ದುಃಖ ಎಂಬುದು ಹೋಗಿತ್ತು. ಮನೆಗೆ ಹೋದ ಮೇಲೂ ಅದು ಇರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಇಂಥವರಲ್ಲಿ ಘಟನೆ ಅಳಿದ ಮೇಲೂ ಅದು ತಂದ ಭಾವ ಗಂಟೆಗಟ್ಟಲೆ ಉಳಿಯುತ್ತದೆ ಎಂದು ರಜೆಯಲ್ಲಿದ್ದ ಆ ಪರೀಕ್ಷೆಯ ಹುಡುಗಿ ಹಿಂದೊಮ್ಮೆ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಹೇಳಿದ್ದಳು. ಆಗ ಅವಳು ಅಯ್ಯೋ ಪಾಪ ಎಂದಿದ್ದಳು.

ಅಂಕ ಬರೆಯುವ ಹಾಳೆ ಎಳೆದುಕೊಂಡಳು. ಬಾಗಿಲು, ಹತ್ತಿ, ಸೇತುವೆ, ನಿಂಬೆ, ನೀಲಿ ಎಂದು ಅಚ್ಚಾದ ಪದಗಳ ಮುಂದೆ ಐದು ಸೊನ್ನೆ ಹಾಕಿದಳು. ಐದನೆಯ ಸೊನ್ನೆ ಹಾಕುವಾಗ ತಾನೇನು ಮಾಡುತ್ತಿದ್ದೇನೆಂದು ಹೊಳೆಯಿತು. ನೀಲಿ ಬಿಟ್ಟರೆ ಉಳಿದ ನಾಲ್ಕೂ ಕೇಳದ ಪದಗಳು, ಅವಕ್ಕೆ ಅಂಕ. ಕೇಳಿದ್ದರೆ ಒಂದಾದರೂ ಹೇಳುತ್ತಿದ್ದರೋ ಏನೋ. ಅದು ಇನ್ನು ಎಂದಿಗೂ ಯಾರಿಗೂ ತಿಳಿಯುವುದಿಲ್ಲ. ಮುಂದೊಂದು ದಿನ ಇವರ ಮಿದುಳನ್ನು ಹೆರೆದು, ಎಳೆಗಳನ್ನು ಎಣಿಸಿ, ಈ ಹಾಳೆಯ ಪಕ್ಕದಲ್ಲಿಟ್ಟು ನೋಡುವವರು ಇದನ್ನು ನಿಜವೆಂದು ನಂಬುತ್ತಾರೆ. ಅವಳು ಅದಲುಬದಲು ಮಾಡಿದ್ದಳು. ಇಪ್ಪತ್ತೆರಡು ವರ್ಷ ಸುಮ್ಮನೆ ಹೊತ್ತ ಹೆಸರನ್ನು ಇವತ್ತು ಹನ್ನೊಂದೂವರೆಗೆ ಸಂಪಾದಿಸಿಕೊಂಡಿದ್ದಳು. ನಾಚಿಕೆ ಬರಬೇಕಿತ್ತು, ಅದಕ್ಕಾಗಿ ಒಂದು ಗಳಿಗೆ ಪೆನ್ನು ಹಿಡಿದು ಕಾದಳು. ಬಂದದ್ದು ಬೇರೆಯದು, ಹಸಿವಿನಂಥದ್ದು. ಹಾಳೆಯ ಕೆಳಗೆ, ಪರೀಕ್ಷಿಸಿದವರು ಎಂಬಲ್ಲಿ, ತನ್ನ ನಿಜವಾದ ಹೆಸರನ್ನು ಪೂರ್ತಿಯಾಗಿ, ಗುಂಡಗೆ ಬರೆದಳು.

ಬಾಗಿಲು ತೆಗೆದಾಗ ಹೆಂಡತಿ ಗಂಡನ ಕೆನ್ನೆ ನೋಡಿ, ಸೆರಗಿನಿಂದ ಒರೆಸಿ, “ಅತ್ರಾ? ಯಾಕ್ರೀ?” ಎಂದರು. ಅವರು ಗೊತ್ತಿಲ್ಲ ಎಂದು ತಲೆ ಅಲ್ಲಾಡಿಸಿದರು. “ಹೇಗಿದೆಯಮ್ಮ?” ಎಂದು ಅವಳನ್ನು ಕೇಳುವಾಗ ಆ ಹೆಂಗಸಿನ ಕಣ್ಣಲ್ಲಿ ಬೇಡಿಕೆಯಿತ್ತು. ಒಳ್ಳೆಯವರು. ಹಿಂದೊಮ್ಮೆ ಪ್ರಯೋಗಾಲಯದವರನ್ನೆಲ್ಲ ಮನೆಗೆ ಕರೆದು ಊಟ ಹಾಕಿದಾಗ, ಬಡಿಸುತ್ತ ಬಡಿಸುತ್ತ ಅವಳ ಹತ್ತಿರ ನಿಂತು, ಇವರ ಬಾಯಿ ಸ್ವಲ್ಪ ಜೋರು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದಿದ್ದರು. ಅವಳು ಹಚ್ಚಿಕೊಂಡಿರಲಿಲ್ಲ, ಹೂತಿಟ್ಟುಕೊಂಡಿದ್ದಳು.

“ಸ್ವಲ್ಪ ಇಳಿದಿದೆ ಅಮ್ಮ,” ಎಂದಳು. ದನಿ ಮೆತ್ತಗಿತ್ತು, ಅವಳಿಗೇ ಆಶ್ಚರ್ಯವಾಗುವಷ್ಟು. “ವರ್ಷಕ್ಕೊಂದ್ಸಲ ಸಾಲ್ದು. ತಿಂಗಳಿಗೊಂದ್ಸಲ ಕರ್ಕೊಂಡ್ಬನ್ನಿ. ನಾನೇ ಕೂರ್ತೀನಿ.”

“ನಿಮಗೆ ತೊಂದ್ರೆ...”

“ಏನ್ ತೊಂದ್ರೆ. ನಮ್ಮ ಸರ್ ಅಲ್ವಾ.”

ಹೆಂಡತಿಯ ಕಣ್ಣು ತುಂಬಿತು. ಅವಳ ಎರಡೂ ಕೈ ಹಿಡಿದುಕೊಂಡು, “ಎಲ್ರೂ ಮರೆತ್ರಮ್ಮ ಇವ್ರನ್ನ. ಫೋನ್ ಕೂಡ ಮಾಡ್ತಿಲ್ಲ ಯಾರೂ. ನೀವೊಬ್ರೇ ಇಷ್ಟು ನೆನಪಿಟ್ಕೊಂಡಿರೋದು” ಎಂದರು. ಹೌದು, ನಾನೊಬ್ಬಳೇ ಎಂದುಕೊಳ್ಳುತ್ತ ಅವಳು ಮುಂದಿನ ತಿಂಗಳ ತಾರೀಖನ್ನು ಚೀಟಿಯಲ್ಲಿ ಬರೆದು ಕೊಟ್ಟಳು. ನಿವೃತ್ತಿಗೆ ಒಂಬತ್ತು ತಿಂಗಳು. ಒಂಬತ್ತು ಸಲ. ಒಂಬತ್ತರಲ್ಲಿ ಒಂದಾದರೂ ಹರಿಯದೆ ಬರಬಹುದು, ಅವರದೇ ದನಿಯಲ್ಲಿ.

ಇಬ್ಬರೂ ಕಾರಿಡಾರಿನಲ್ಲಿ ನಿಧಾನವಾಗಿ ಹೊರಟರು. ಹತ್ತು ಹೆಜ್ಜೆ ಹೋದ ಮೇಲೆ ಅವರು ನಿಂತರು. ಹೆಂಡತಿ ಬನ್ನಿ ಎಂದು ಎಳೆದರೂ ಬಿಡದೆ ಹಿಂದಕ್ಕೆ ತಿರುಗಿದರು. ಅವಳ ಮುಖವನ್ನು ನೋಡಲಿಲ್ಲ. ಅವಳ ಕಾಲುಗಳನ್ನು ನೋಡಿದರು, ಇಪ್ಪತ್ತೆರಡು ವರ್ಷದಿಂದ ಅವಳು ಕೆಲಸಕ್ಕೆ ಹಾಕಿಕೊಂಡು ಬರುತ್ತಿದ್ದ, ಬಾರಿಲ್ಲದ, ಮುಚ್ಚಿದ ಕಪ್ಪು ಬೂಟುಗಳನ್ನು, ಬಹಳ ಹೊತ್ತು. ಹುಬ್ಬುಗಳ ನಡುವೆ ಮತ್ತೆ ಮೂಡಿದ ಗಂಟು ಬಿಚ್ಚಲಿಲ್ಲ.

“ಆ ಬಾರು,” ಎಂದರು ದೊಡ್ಡ ಸರ್, “ಹೊಲಿಸ್ಕೊಂಡ್ಯೇನಮ್ಮ?”

ಅವಳ ಎಡಗಾಲಿನ ಹೆಬ್ಬೆರಳು ಬೂಟಿನೊಳಗೆ ಬಿಗಿಯಾಗಿ ಮಡಚಿಕೊಂಡಿತು.

“ಇಲ್ಲ ಸರ್,” ಎಂದಳು. “ಬರೋ ತಿಂಗಳು ಬನ್ನಿ.”